ಲೋರಾ ಸಾಧನದ ಪವರ್ ಎಷ್ಟಿಡಬೇಕು? ಕಲಬುರಗಿ, ಬೀದರ್, ಯಾದಗಿರಿ ಹೊಲಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಬಾವಿಯ ನೀರಿನ ಮಟ್ಟ, ಊರ ಟ್ಯಾಂಕಿನ ಮಟ್ಟ, ತೊಗರಿ ಹೊಲದ ತೇವ, ಮಳೆಯ ಅಳತೆ. ನಮ್ಮ ಕಡೆ ಲೋರಾ ಸಾಧನ ಹಾಕುವವರು ಹೆಚ್ಚಾಗಿ ಇವುಗಳಿಗೇ ಹಾಕುತ್ತಾರೆ. ಹೊಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ, ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗಲ್ಲ. ಸಣ್ಣ ಬ್ಯಾಟರಿಯ ಮೇಲೆ ಕಿಲೋಮೀಟರ್‌ಗಟ್ಟಲೆ ದೂರಕ್ಕೆ ನಾಲ್ಕು ಅಂಕಿ ಕಳಿಸುವ ಈ ರೇಡಿಯೊ ಅಲ್ಲಿಗೆ ಸರಿಯಾಗಿ ಹೊಂದುತ್ತದೆ. ನಾನು ಕೆಲವು ವರ್ಷಗಳಿಂದ ಇಂಥ ನೋಡ್‌ಗಳನ್ನು (ಸೆನ್ಸರ್, ರೇಡಿಯೊ, ಬ್ಯಾಟರಿ ಸೇರಿದ ಡಬ್ಬಿ) ಕಟ್ಟಿ, ಹೊಲದಲ್ಲಿ ನಿಲ್ಲಿಸಿ, ಕೆಟ್ಟಾಗ ಹೋಗಿ ರಿಪೇರಿ ಮಾಡುತ್ತಾ ಬಂದಿದ್ದೇನೆ. ನನಗೆ ಬರುವ ಫೋನುಗಳಲ್ಲಿ ಬಹಳಷ್ಟು ಒಂದೇ ಮಾತಿನಿಂದ ಶುರುವಾಗುತ್ತವೆ. “ಸರ, ಪವರ್ ಫುಲ್ ಇಟ್ಟೀನ್ರಿ, ಆದ್ರೂ ಡಾಟಾ ಬರವಲ್ದರಿ.” ಆ ಮಾತಿಗೆ ಉತ್ತರ ಹೇಳುತ್ತಾ ಹೇಳುತ್ತಾ ಈ ಪುಟ ಬೆಳೆಯಿತು.

ಟ್ರಾನ್ಸ್‌ಮಿಟ್ ಪವರ್ ಅಂದರೆ ಏನು? ಡಿಬಿಎಂ ಅಂತ ಯಾಕೆ ಬರೆಯುತ್ತಾರೆ?

ರೇಡಿಯೊ ಚಿಪ್ ಆಂಟೆನಾದ ಕಡೆ ಎಷ್ಟು ಶಕ್ತಿ ತಳ್ಳುತ್ತದೆ ಅನ್ನುವುದೇ ಟ್ರಾನ್ಸ್‌ಮಿಟ್ ಪವರ್. ಅದನ್ನು ಡಿಬಿಎಂನಲ್ಲಿ ಅಳೆಯುತ್ತಾರೆ. 0 ಡಿಬಿಎಂ ಅಂದರೆ 1 ಮಿಲಿವ್ಯಾಟ್. ಅಲ್ಲಿಂದ ಪ್ರತಿ 3 ಡಿಬಿಗೆ ಶಕ್ತಿ ಸುಮಾರು ಎರಡು ಪಟ್ಟು, ಪ್ರತಿ 10 ಡಿಬಿಗೆ ಹತ್ತು ಪಟ್ಟು. ಹಾಗಾಗಿ 14 ಡಿಬಿಎಂ ಅಂದರೆ 25 ಮಿಲಿವ್ಯಾಟ್, 20 ಅಂದರೆ 100 ಮಿಲಿವ್ಯಾಟ್, 30 ಅಂದರೆ 1 ವ್ಯಾಟ್. 14ರಿಂದ 20ಕ್ಕೆ ಹೋದಾಗ “ಬರೀ ಆರು ಜಾಸ್ತಿ ಮಾಡಿದೆ” ಅನ್ನಿಸುತ್ತದೆ. ನಿಜವಾಗಿ ಶಕ್ತಿ ನಾಲ್ಕು ಪಟ್ಟಾಗಿರುತ್ತದೆ.

ಈ ಅಳತೆಯ ಒಳ್ಳೆಯ ಗುಣ ಏನೆಂದರೆ ಬರೀ ಕೂಡಿಸಿ ಕಳೆದರೆ ಸಾಕು. ಪವರ್ 14, ಆಂಟೆನಾ 2 ಕೊಟ್ಟಿತು, ಕೇಬಲ್ 3 ತಿಂದಿತು, ಗಾಳಿಗೆ ಹೋದದ್ದು 13. ಅಷ್ಟೇ ಲೆಕ್ಕ.

ಫುಲ್ ಪವರ್ ಇಟ್ಟುಬಿಟ್ಟರೆ ತಲೆನೋವೇ ಇರಲ್ಲ ಅಲ್ವಾ?

ಇರುತ್ತದೆ. ಮೊದಲು ಬ್ಯಾಟರಿ ನೋಡೋಣ. ತುಂಬಾ ಬಳಕೆಯಲ್ಲಿರುವ ಎಸ್‌ಎಕ್ಸ್1276 ಚಿಪ್ಪಿನ ಡೇಟಾಶೀಟ್ ಪ್ರಕಾರ 13 ಡಿಬಿಎಂನಲ್ಲಿ ಕಳಿಸುವಾಗ ಅದು 29 ಮಿಲಿಆಂಪ್ ತಗೊಳ್ಳುತ್ತದೆ, 17ರಲ್ಲಿ 87, 20ರಲ್ಲಿ 120. ಹೊಸ ಎಸ್‌ಎಕ್ಸ್1262 ಚಿಪ್ 22 ಡಿಬಿಎಂನಲ್ಲಿ 118 ಮಿಲಿಆಂಪ್ ತಗೊಳ್ಳುತ್ತದೆ. ಹಳೆಯ ಅಥವಾ ಅರ್ಧ ಖಾಲಿಯಾದ ಸೆಲ್ ಇದ್ದರೆ ಆ ಒಂದು ಕ್ಷಣದ ಎಳೆತಕ್ಕೆ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ನೋಡ್ ಮತ್ತೆ ಶುರುವಾಗುತ್ತದೆ, ಮತ್ತೆ ಕಳಿಸಲು ಹೋಗುತ್ತದೆ, ಮತ್ತೆ ಬೀಳುತ್ತದೆ. ಹೊರಗಿನಿಂದ ನೋಡಿದರೆ “ಪವರ್ ಜಾಸ್ತಿ ಮಾಡಿದ ಮೇಲೆ ಡಾಟಾ ಬರೋದೇ ನಿಂತಿತು” ಅನ್ನಿಸುತ್ತದೆ. ಪವರ್ 14ಕ್ಕೆ ಇಳಿಸಿದ ಕೂಡಲೇ ಎದ್ದು ಕೂತ ನೋಡ್‌ಗಳನ್ನು ನಾನು ನೋಡಿದ್ದೇನೆ.

ಇನ್ನೊಂದು, ಗಾಳಿ ಎಲ್ಲರದು. ನಿಮ್ಮ ನೋಡ್ ಬೇಕಿಲ್ಲದ ಜೋರಿನಲ್ಲಿ ಕೂಗಿದರೆ, ಅದೇ ಚಾನೆಲ್‌ನಲ್ಲಿ ಮೆಲ್ಲಗೆ ಮಾತಾಡುವ ಪಕ್ಕದ ಹೊಲದ ನೋಡ್ ಕೇಳಿಸದೆ ಹೋಗುತ್ತದೆ. ಒಂದೇ ಊರಲ್ಲಿ ಎರಡು ಮೂರು ಜನ ಇಂಥ ಸಾಧನ ಹಾಕತೊಡಗಿದಾಗ ಇದು ಕಣ್ಣಿಗೆ ಕಾಣುತ್ತದೆ.

ದೂರ ದುಪ್ಪಟ್ಟು ಮಾಡಲು ಎಷ್ಟು ಡಿಬಿ ಬೇಕು?

ಪುಸ್ತಕದ ಉತ್ತರ 6 ಡಿಬಿ. ಅದು ಸುತ್ತ ಏನೂ ಇಲ್ಲದ ಬಯಲಾಕಾಶದ ಲೆಕ್ಕ. ಆ ಲೆಕ್ಕದಲ್ಲಿ 5 ಕಿಲೋಮೀಟರ್‌ಗೆ ಸುಮಾರು 105 ಡಿಬಿ ನಷ್ಟ. 14 ಡಿಬಿಎಂ ಕಳಿಸಿದರೆ –91 ಸಿಗಬೇಕು, ಲೋರಾಗೆ ಅದು ಆರಾಮ. ಆದರೆ ಹೊಲದಲ್ಲಿ ಎರಡೇ ಕಿಲೋಮೀಟರ್‌ಗೆ ಒದ್ದಾಡುತ್ತದೆ. ಯಾಕೆ?

ನೆಲ. ನಮ್ಮದು ಸಪಾಟು ಎರೆ ಭೂಮಿ. ನೇರ ಬರುವ ಅಲೆಯ ಜೊತೆಗೆ ನೆಲಕ್ಕೆ ಬಡಿದು ಬರುವ ಅಲೆಯೂ ಸೇರುತ್ತದೆ, ಒಂದನ್ನೊಂದು ತಿನ್ನುತ್ತವೆ. ಗೇಟ್‌ವೇ (ನೋಡ್‌ಗಳ ಸಿಗ್ನಲ್ ಹಿಡಿದು ಮುಂದೆ ಸರ್ವರ್‌ಗೆ ದಾಟಿಸುವ ಡಬ್ಬಿ) ಹತ್ತು ಮೀಟರ್ ಎತ್ತರದಲ್ಲಿ, ನೋಡ್ ಒಂದು ಮೀಟರ್‌ನಲ್ಲಿ ಇದ್ದರೆ ನೂರಿನ್ನೂರು ಮೀಟರ್ ದಾಟಿದ ಮೇಲೆ ಈ ಆಟ ಶುರು. ಅಲ್ಲಿಂದ ಮುಂದೆ ದೂರ ದುಪ್ಪಟ್ಟಾದರೆ 6 ಅಲ್ಲ, ಸುಮಾರು 12 ಡಿಬಿ ಹೋಗುತ್ತದೆ. ಅಂದರೆ ಹದಿನಾರು ಪಟ್ಟು ಶಕ್ತಿ.

ಇದೇ ಲೆಕ್ಕದಲ್ಲಿ ಒಂದು ಸಿಹಿ ಸುದ್ದಿಯೂ ಇದೆ. ಆಂಟೆನಾ ಎತ್ತರ ದುಪ್ಪಟ್ಟು ಮಾಡಿದರೆ ಸುಮಾರು 6 ಡಿಬಿ ವಾಪಸ್ ಬರುತ್ತದೆ. ನೋಡನ್ನು ಒಂದು ಮೀಟರ್‌ನಿಂದ ಎರಡು ಮೀಟರ್‌ಗೆ ಏರಿಸುವುದು ಪವರ್ ನಾಲ್ಕು ಪಟ್ಟು ಮಾಡಿದ ಹಾಗೆ. ಒಂದು ಬಿದಿರು ಗಳ ಬೇಕು, ಅಷ್ಟೇ. ಬ್ಯಾಟರಿಯಿಂದ ಒಂದು ಹನಿಯೂ ಹೋಗಲ್ಲ. ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಪವರ್ ಗುಂಡಿ ಕೊನೆಗೆ ಮುಟ್ಟಿ, ಗಳ ಮೊದಲು ನೆಡಿ.

ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿತ್ತು, ದಸರಾ ಹೊತ್ತಿಗೆ ನಿಂತಿತು. ನೋಡ್ ಕೆಟ್ಟಿದೆಯಾ?

ಬಹುಶಃ ಕೆಟ್ಟಿಲ್ಲ. ತೊಗರಿ ಬೆಳೆದಿದೆ.

ನನಗೂ ಇದು ಹೊಲದಲ್ಲೇ ತಿಳಿಯಿತು. ಅಫಜಲಪುರ ರಸ್ತೆಯ ಕಡೆ ಸಂಬಂಧಿಕರ ಹೊಲದಲ್ಲಿ ಮೇ ತಿಂಗಳಲ್ಲಿ ತೇವದ ಸೆನ್ಸರ್ ಹಾಕಿದ್ದೆ. ಹೊಲ ಬೋಳು. ಮಣ್ಣಿನಿಂದ ಅರ್ಧ ಮೀಟರ್ ಎತ್ತರದ ಗೂಟದ ಮೇಲೆ ಡಬ್ಬಿ. ಊರಿನ ಮಾಳಿಗೆಯ ಮೇಲಿನ ಗೇಟ್‌ವೇಗೆ ಸಿಗ್ನಲ್ ಸಲೀಸಾಗಿ ಬರುತ್ತಿತ್ತು. ಬ್ಯಾಟರಿ ಉಳಿಯಲಿ ಅಂತ ಪವರ್ ಎಷ್ಟು ಇಳಿಸಬಹುದೋ ಅಷ್ಟು ಇಳಿಸಿದೆ. ಕಾರಹುಣ್ಣಿಮೆ ಆಯಿತು, ಬಿತ್ತಿದರು. ಶ್ರಾವಣದ ಮಳೆಯಲ್ಲೂ ಏನೂ ತೊಂದರೆ ಇರಲಿಲ್ಲ. ತೊಗರಿ ಎದೆಮಟ್ಟಕ್ಕೆ ಬಂದು ಹೂ ಬಿಡುವ ಹೊತ್ತಿಗೆ ದಿನದ ಪ್ಯಾಕೆಟ್‌ಗಳಲ್ಲಿ (ಒಂದೊಂದು ಸಲ ಕಳಿಸುವ ಮಾಹಿತಿಯ ಕಟ್ಟು) ಅರ್ಧದಷ್ಟು ಮಾಯ. ಬೆಳಗಿನ ಇಬ್ಬನಿಯ ಹೊತ್ತಲ್ಲಿ ಒಂದೂ ಬರುತ್ತಿರಲಿಲ್ಲ. ಹೋಗಿ ನೋಡಿದರೆ ಡಬ್ಬಿ ಗಿಡಗಳ ನಡುವೆ ಹೂತುಹೋಗಿತ್ತು. ಮೇ ತಿಂಗಳಿಗೆ ಹೋಲಿಸಿದರೆ ಸಿಗ್ನಲ್ 15 ಡಿಬಿಗಿಂತ ಜಾಸ್ತಿ ಇಳಿದಿತ್ತು.

ಹಸಿ ಎಲೆ ಅಂದರೆ ನೀರು. ನೀರು ಈ ಅಲೆಯನ್ನು ಕುಡಿಯುತ್ತದೆ. ಒಂದು ಗಿಡ ಏನೂ ಮಾಡಲ್ಲ. ನೂರಾರು ಸಾಲುಗಳನ್ನು ತೂರಿಕೊಂಡು ಹೋಗಬೇಕಾದಾಗ ತಡೆ ದೊಡ್ಡದಾಗುತ್ತದೆ.

ಆಮೇಲೆ ನಾನು ಕಲಿತದ್ದು ಇಷ್ಟು. ಬೋಳು ಹೊಲದಲ್ಲಿ ಪವರ್ ತೀರ್ಮಾನಿಸಬಾರದು. ಬೆಳೆ ತುಂಬಾ ಎತ್ತರ ಇರುವ ಕಾಲವನ್ನು ಮನಸ್ಸಿನಲ್ಲಿಟ್ಟು ತೀರ್ಮಾನಿಸಬೇಕು. ಬೇಸಿಗೆಯಲ್ಲೇ ಹಾಕುವುದಾದರೆ 15ರಿಂದ 20 ಡಿಬಿ ಮೀಸಲು ಬಿಡಿ. ಅದಕ್ಕಿಂತ ಒಳ್ಳೆಯದು ಆಂಟೆನಾವನ್ನು ತೊಗರಿಯ ತುದಿಗಿಂತ ಮೇಲೆ ಒಯ್ಯುವುದು. ಸೆನ್ಸರ್ ಮಣ್ಣಲ್ಲೇ ಇರಲಿ, ಡಬ್ಬಿ ಎಂಟು ಅಡಿ ಗಳದ ಮೇಲೆ ಇರಲಿ, ನಡುವೆ ವೈರ್ ಹೋಗಲಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೇಗೂ ಹೊಲಕ್ಕೆ ಹೋಗುತ್ತೀರಿ. ಆವತ್ತು ಐದು ನಿಮಿಷ ನೋಡ್ ಹತ್ತಿರ ನಿಂತು ಆರ್‌ಎಸ್‌ಎಸ್‌ಐ, ಅಂದರೆ ತಲುಪಿದ ಸಿಗ್ನಲ್‌ನ ಬಲ, ಎಷ್ಟಿದೆ ಬರೆದುಕೊಳ್ಳಿ.

ಬೀದರ್ ಕಡೆ ಕಬ್ಬಿನ ಹೊಲದಲ್ಲಿ ಇದೇ ಕಥೆ, ಇನ್ನೂ ಎತ್ತರದಲ್ಲಿ. ಕಬ್ಬು ಆಳೆತ್ತರ ದಾಟುತ್ತದೆ. ಅಲ್ಲಿ ಎಂಟು ಅಡಿ ಸಾಲಲ್ಲ, ಬದುವಿನ ಮೇಲೆ ಹನ್ನೆರಡು ಅಡಿಯ ಪೈಪ್ ಬೇಕು.

ಪವರ್ ಜಾಸ್ತಿ ಮಾಡಬೇಕಾ, ಸ್ಪ್ರೆಡಿಂಗ್ ಫ್ಯಾಕ್ಟರ್ ಜಾಸ್ತಿ ಮಾಡಬೇಕಾ?

ಸ್ಪ್ರೆಡಿಂಗ್ ಫ್ಯಾಕ್ಟರ್ ಅಂದರೆ ಎಸ್‌ಎಫ್. 7ರಿಂದ 12ರವರೆಗೆ ಇಡಬಹುದು. ಒಂದೊಂದು ಮೆಟ್ಟಿಲಿಗೆ ಸುಮಾರು 2.5 ಡಿಬಿ ಲಾಭ, ಆದರೆ ಪ್ಯಾಕೆಟ್ ಗಾಳಿಯಲ್ಲಿ ಇರುವ ಹೊತ್ತು ಸರಿಸುಮಾರು ದುಪ್ಪಟ್ಟು. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ ಹಾಗೆ.

ಅಂಕಿಯಲ್ಲಿ ನೋಡಿ. ಹತ್ತು ಬೈಟ್ ಮಾಹಿತಿಯ ಲೋರಾವ್ಯಾನ್ (ಲೋರಾ ರೇಡಿಯೊ ಮೇಲೆ ನೋಡ್, ಗೇಟ್‌ವೇ, ಸರ್ವರ್ ಮಾತಾಡುವ ನೆಟ್‌ವರ್ಕ್ ಪದ್ಧತಿ) ಪ್ಯಾಕೆಟ್ 125 ಕಿಲೋಹರ್ಟ್ಸ್ ಅಗಲದ ಚಾನೆಲ್‌ನಲ್ಲಿ, ಎಸ್‌ಎಫ್ 7 ಇದ್ದರೆ 62 ಮಿಲಿಸೆಕೆಂಡ್ ತಗೊಳ್ಳುತ್ತದೆ. ಎಸ್‌ಎಫ್ 12 ಇದ್ದರೆ 1,483 ಮಿಲಿಸೆಕೆಂಡ್. 24 ಪಟ್ಟು. ಕಾಲು ಗಂಟೆಗೊಮ್ಮೆ ಕಳಿಸಿದರೆ ದಿನಕ್ಕೆ 96 ಪ್ಯಾಕೆಟ್. ಎಸ್‌ಎಫ್ 12, 20 ಡಿಬಿಎಂ ಇಟ್ಟರೆ ಕಳಿಸುವುದಕ್ಕೇ ದಿನಕ್ಕೆ ಸುಮಾರು 4.7 ಮಿಲಿಆಂಪ್-ಅವರ್ ಖರ್ಚು. ಎಸ್‌ಎಫ್ 12ರಲ್ಲೇ 13 ಡಿಬಿಎಂಗೆ ಇಳಿಸಿದರೆ 1.1. ಪವರ್ 20ರಲ್ಲೇ ಬಿಟ್ಟು ಎಸ್‌ಎಫ್ 7ಕ್ಕೆ ಇಳಿಸಿದರೆ 0.2. ಎರಡನ್ನೂ ಇಳಿಸಿದರೆ 0.05. ಮೊದಲಿನದಕ್ಕೂ ಕೊನೆಯದಕ್ಕೂ ನೂರು ಪಟ್ಟು ವ್ಯತ್ಯಾಸ.

ಹಾಗಾಗಿ ಸಿಗ್ನಲ್ ಚೆನ್ನಾಗಿದ್ದರೆ ಮೊದಲು ಎಸ್‌ಎಫ್ ಇಳಿಸಿ. 7ಕ್ಕೆ ಬಂದ ಮೇಲೆ ಪವರ್ ಇಳಿಸಿ. ಸಿಗ್ನಲ್ ಸಾಲದಿದ್ದರೆ ಉಲ್ಟಾ ಕ್ರಮ. ಮೊದಲು ಎತ್ತರ, ಆಂಟೆನಾ, ಕೇಬಲ್ ಸರಿ ಮಾಡಿ. ಆಮೇಲೆ ಪವರ್ ಏರಿಸಿ. ಎಸ್‌ಎಫ್ 11, 12 ಕೊನೆಯ ದಾರಿ.

ಪವರ್ ಇಳಿಸಿದೆ, ಬ್ಯಾಟರಿ ಆದರೂ ವಾರಕ್ಕೇ ಖಾಲಿ. ಯಾಕೆ?

ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಫುಲ್ ಪವರ್, ಎಸ್‌ಎಫ್ 12 ಇದ್ದರೂ ರೇಡಿಯೊ ದಿನಕ್ಕೆ 5 ಮಿಲಿಆಂಪ್-ಅವರ್ ಒಳಗೇ ಇದೆ. ಬೋರ್ಡಿನ ಮೇಲೆ ಸದಾ ಉರಿಯುವ ಒಂದು ಎಲ್‌ಇಡಿ 2 ಮಿಲಿಆಂಪ್ ತಗೊಂಡರೆ ದಿನಕ್ಕೆ 48. ರೇಡಿಯೊದ ಹತ್ತು ಪಟ್ಟು! ಕಲಿಯಲು ಮಾಡಿದ ಬೋರ್ಡ್‌ಗಳು ನಿದ್ದೆಯಲ್ಲೂ ಹಲವು ಮಿಲಿಆಂಪ್ ಎಳೆಯುತ್ತವೆ. ವೋಲ್ಟೇಜ್ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಯಾವಾಗಲೂ ಆನ್ ಇರುವ ಸೆನ್ಸರ್, ಎಲ್ಲವೂ ಪಾಲು ತಗೊಳ್ಳುತ್ತವೆ. ಮೊದಲು ಮಲ್ಟಿಮೀಟರ್ ಹಾಕಿ ನಿದ್ದೆಯ ಕರೆಂಟ್ ಅಳೆಯಿರಿ. ಅದು ಮೈಕ್ರೋಆಂಪ್‌ಗೆ ಇಳಿದ ಮೇಲೆ ಮಾತ್ರ ಪವರ್ ಸೆಟ್ಟಿಂಗ್‌ನ ಉಳಿತಾಯ ಕಾಣುತ್ತದೆ.

ಸರಿ, ನನ್ನ ನೋಡ್‌ಗೆ ಎಷ್ಟು ಇಡಲಿ? ಹೇಗೆ ಕಂಡುಹಿಡಿಯುವುದು?

ನೋಡನ್ನು ಅದು ಇರಬೇಕಾದ ಜಾಗದಲ್ಲೇ, ಅದೇ ಎತ್ತರದಲ್ಲಿ, ಅದೇ ಡಬ್ಬಿಯೊಳಗೆ ನಿಲ್ಲಿಸಿ. ಕೈಯಲ್ಲಿ ಹಿಡಿದು ಅಳೆಯಬೇಡಿ, ಮೈ ಕೂಡ ಸಿಗ್ನಲ್ ತಿನ್ನುತ್ತದೆ. ಪವರ್ 14, ಎಸ್‌ಎಫ್ 7 ಇಟ್ಟು ಇಪ್ಪತ್ತು ಮೂವತ್ತು ಪ್ಯಾಕೆಟ್ ಕಳಿಸಿ. ಗೇಟ್‌ವೇ ಕಡೆ ಎಷ್ಟು ಬಂದವು, ಎಸ್‌ಎನ್‌ಆರ್ (ಸುತ್ತಲಿನ ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಮೇಲೆ ಅಥವಾ ಕೆಳಗೆ ಅನ್ನುವ ಅಂಕಿ) ಎಷ್ಟಿದೆ ನೋಡಿ. ಎಸ್‌ಎಫ್ 7ಕ್ಕೆ ಕನಿಷ್ಠ ಬೇಕಾದ ಎಸ್‌ಎನ್‌ಆರ್ –7.5 ಡಿಬಿ. ಎಸ್‌ಎಫ್ 9ಕ್ಕೆ –12.5, ಎಸ್‌ಎಫ್ 10ಕ್ಕೆ –15, ಎಸ್‌ಎಫ್ 12ಕ್ಕೆ –20. ನಿಮಗೆ ಬಂದ ಅಂಕಿಗೂ ಈ ಕನಿಷ್ಠಕ್ಕೂ ನಡುವಿನ ಅಂತರವೇ ನಿಮ್ಮ ಮೀಸಲು.

ಉದಾಹರಣೆಗೆ ಎಸ್‌ಎಫ್ 7ರಲ್ಲಿ +6 ಬಂತು ಅಂದುಕೊಳ್ಳಿ. ಮೀಸಲು 13.5. ಸುತ್ತ ಶೇಂಗಾ ಅಥವಾ ಕಡಲೆ ಇದ್ದರೆ, ಅಂದರೆ ಗಿಡ ಎತ್ತರ ಬೆಳೆಯಲ್ಲ ಅಂದರೆ, 10 ಮೀಸಲು ಸಾಕು. ಪವರ್ 3 ಡಿಬಿ ಇಳಿಸಬಹುದು. ತೊಗರಿ ಇದ್ದರೆ ಇಳಿಸಬೇಡಿ, ಗಳ ಏರಿಸಿ.

ಎಸ್‌ಎನ್‌ಆರ್ ಚೆನ್ನಾಗಿರುವಾಗ ಅದೊಂದನ್ನೇ ನಂಬಬೇಡಿ. ಸಿಗ್ನಲ್ ತುಂಬಾ ಜೋರಿದ್ದಾಗ ಅದು ಒಂದು ಮಟ್ಟಕ್ಕಿಂತ ಮೇಲೆ ಹೋಗಲ್ಲ, ಆಗ ಆರ್‌ಎಸ್‌ಎಸ್‌ಐ ನೋಡಿ. ಸಿಗ್ನಲ್ ತೀರಾ ಕ್ಷೀಣ ಇದ್ದಾಗ ಉಲ್ಟಾ, ಎಸ್‌ಎನ್‌ಆರ್ ನಂಬಿ. ಹೊಸ ಪವರ್ ಇಟ್ಟ ಮೇಲೆ ಒಂದು ಪೂರ್ತಿ ದಿನ ಬಿಡಿ. ಮಧ್ಯಾಹ್ನ ಒಂದು ಥರ, ಬೆಳಗಿನ ಜಾವ ಒಂದು ಥರ ಇರುತ್ತದೆ.

ಎಡಿಆರ್ ಆನ್ ಇಡಬೇಕಾ?

ಎಡಿಆರ್ ಅಂದರೆ ನೋಡ್‌ನ ಎಸ್‌ಎಫ್, ಪವರ್ ಎರಡನ್ನೂ ಸರ್ವರ್ ತಾನೇ ಹೊಂದಿಸುವ ವ್ಯವಸ್ಥೆ. ಲೋರಾವ್ಯಾನ್ ಬಳಸುತ್ತಿದ್ದರೆ, ನೋಡ್ ಒಂದೇ ಕಡೆ ನಿಂತಿದ್ದರೆ, ಇಡಿ. ಸರ್ವರ್ ಸಾಮಾನ್ಯವಾಗಿ ಕೊನೆಯ 20 ಪ್ಯಾಕೆಟ್‌ಗಳ ಎಸ್‌ಎನ್‌ಆರ್ ನೋಡಿ, ಸ್ವಲ್ಪ ಮೀಸಲು ಬಿಟ್ಟು, ಮೊದಲು ಎಸ್‌ಎಫ್ ಇಳಿಸುತ್ತದೆ, ಆಮೇಲೆ ಪವರ್ ಇಳಿಸುತ್ತದೆ. ನಾನು ಮೇಲೆ ಹೇಳಿದ ಕ್ರಮವೇ. ಕುರಿ ಹಿಂಡು, ಟ್ರ್ಯಾಕ್ಟರ್ ಥರ ಓಡಾಡುವುದಕ್ಕೆ ಕಟ್ಟಿದ್ದರೆ ಆಫ್ ಮಾಡಿ. ಹತ್ತಿರ ಇದ್ದಾಗ ಪವರ್ ಇಳಿಸಿರುತ್ತದೆ, ದೂರ ಹೋದಾಗ ಕೇಳಿಸುವುದೇ ಇಲ್ಲ.

ಇಲ್ಲಿ ಒಂದು ಗೊಂದಲ ಬಹಳ ಜನಕ್ಕೆ ಆಗುತ್ತದೆ. ಲೋರಾವ್ಯಾನ್‌ನಲ್ಲಿ ಭಾರತಕ್ಕೆ ಗೊತ್ತು ಮಾಡಿದ ಚಾನೆಲ್, ಪವರ್‌ಗಳ ಪಟ್ಟಿಗೆ ಐಎನ್865 ಅನ್ನುತ್ತಾರೆ. ಅದರಲ್ಲಿ ಸರ್ವರ್ ಕಳಿಸುವ ಪವರ್ ಇಂಡೆಕ್ಸ್ 0 ಅಂದರೆ 30 ಡಿಬಿಎಂ. ಒಂದೊಂದು ಇಂಡೆಕ್ಸ್‌ಗೆ 2 ಡಿಬಿ ಕಡಿಮೆ, 10ಕ್ಕೆ ಬಂದರೆ 10 ಡಿಬಿಎಂ. ಸಣ್ಣ ನೋಡ್‌ಗಳು 30 ಕೊಡಲಾರವು. ನಿಮ್ಮದು 20 ಡಿಬಿಎಂ ಸಾಧನ ಆಗಿದ್ದರೆ ಇಂಡೆಕ್ಸ್ 0ರಿಂದ 5ರವರೆಗೆ ಎಲ್ಲವೂ ಒಂದೇ, ಅದರ ಗರಿಷ್ಠ. 6ರಿಂದ ಮಾತ್ರ ನಿಜವಾದ ಇಳಿತ ಶುರು. “ಸರ್ವರ್ 4ಕ್ಕೆ ಇಳಿಸಿದೆ, ಕರೆಂಟ್ ಯಾಕೆ ಕಡಿಮೆ ಆಗಿಲ್ಲ” ಅನ್ನುವ ಪ್ರಶ್ನೆಗೆ ಉತ್ತರ ಇದೇ.

ಕೋಡ್‌ನಲ್ಲಿ 20 ಅಂತ ಬರೆದಿದ್ದೇನೆ, ಆದರೂ ಸಿಗ್ನಲ್ ನೂರು ಮೀಟರ್ ದಾಟಲ್ಲ

ಬರೆದ ಅಂಕಿ ಬೇರೆ, ಹೊರಗೆ ಬರುವ ಶಕ್ತಿ ಬೇರೆ. ಎಸ್‌ಎಕ್ಸ್1276ರಲ್ಲಿ ಪವರ್ ಹೊರಬರಲು ಎರಡು ದಾರಿ ಇವೆ. ಆರ್‌ಎಫ್‌ಒ ಅನ್ನುವ ಕಾಲು (ಪಿನ್) 14 ಡಿಬಿಎಂವರೆಗೆ, ಪಿಎ ಬೂಸ್ಟ್ ಕಾಲು 20ರವರೆಗೆ. ಅದೇ ಥರದ ಚಿಪ್ ಇರುವ ಆರ್‌ಎಫ್‌ಎಂ95 ಮಾಡ್ಯೂಲಿನಲ್ಲಿ ಪಿಎ ಬೂಸ್ಟ್ ಮಾತ್ರ ಆಂಟೆನಾಗೆ ಸೇರಿದೆ. ಕೋಡ್‌ನಲ್ಲಿ ಆರ್‌ಎಫ್‌ಒ ಅಂತ ಆರಿಸಿದ್ದರೆ ಶಕ್ತಿ ಹೋಗುವುದು ಎಲ್ಲಿಗೂ ಸೇರದ ಕಾಲಿಗೆ. ಮೇಜಿನ ಮೇಲೆ ಕೆಲಸ ಮಾಡುತ್ತದೆ, ಹೊಲದಲ್ಲಿ ಮಾಡಲ್ಲ. ಮೇಲೆ ಹೇಳಿದ 13 ಡಿಬಿಎಂಗೆ 29 ಮಿಲಿಆಂಪ್ ಅನ್ನುವುದು ಆರ್‌ಎಫ್‌ಒ ದಾರಿಯ ಲೆಕ್ಕ. ಪಿಎ ಬೂಸ್ಟ್‌ನಲ್ಲಿ ಅದೇ ಶಕ್ತಿಗೆ ಕರೆಂಟ್ ಜಾಸ್ತಿ.

17 ದಾಟಿ 20ಕ್ಕೆ ಹೋಗಲು ಇನ್ನೊಂದು ರಿಜಿಸ್ಟರ್ (ಚಿಪ್ಪಿನ ಒಳಗಿನ ಸೆಟ್ಟಿಂಗ್) ಬದಲಿಸಬೇಕು. ಕರೆಂಟ್ ಮಿತಿಯೂ ಮೊದಲಿಗೆ 100 ಮಿಲಿಆಂಪ್‌ಗೆ ಕಟ್ಟಿರುತ್ತದೆ, ಅದನ್ನೂ ಏರಿಸಬೇಕು. ಒಳ್ಳೆಯ ಲೈಬ್ರರಿಗಳು ಇವೆರಡನ್ನೂ ತಾವೇ ಮಾಡುತ್ತವೆ. ಸ್ವಂತ ಕೋಡ್ ಬರೆಯುವವರು ಮರೆಯುತ್ತಾರೆ. 20 ಡಿಬಿಎಂನಲ್ಲಿ ಆ ಚಿಪ್ ಒಟ್ಟು ಹೊತ್ತಿನ 1% ಮಾತ್ರ ಕಳಿಸಬೇಕು ಅಂತ ಡೇಟಾಶೀಟ್ ಹೇಳುತ್ತದೆ, ವೋಲ್ಟೇಜ್ 2.4ಕ್ಕಿಂತ ಕೆಳಗೆ ಹೋಗಬಾರದು.

ಎಸ್‌ಎಕ್ಸ್1262ರಲ್ಲಿ ಬೇರೆ ಸೂಕ್ಷ್ಮ ಇದೆ. 22ಕ್ಕೆ ಹೊಂದಿಸಿದ ಆಂಪ್ಲಿಫೈಯರ್ ಸೆಟ್ಟಿಂಗ್ ಹಾಗೇ ಬಿಟ್ಟು ಅಂಕಿ ಮಾತ್ರ 14 ಮಾಡಿದರೆ ಸಿಗ್ನಲ್ ಇಳಿಯುತ್ತದೆ, ಆದರೆ ಕರೆಂಟ್ ಅಷ್ಟಾಗಿ ಇಳಿಯಲ್ಲ. ಒಂದೊಂದು ಮಟ್ಟಕ್ಕೂ ಬೇರೆ ಸೆಟ್ಟಿಂಗ್ ಡೇಟಾಶೀಟ್‌ನಲ್ಲಿ ಕೊಟ್ಟಿದ್ದಾರೆ, ಅದನ್ನೂ ಜೊತೆಗೆ ಬದಲಿಸಿ.

30 ಡಿಬಿಎಂ ಅಂತ ಮಾರುವ ಮಾಡ್ಯೂಲ್‌ಗಳಲ್ಲಿ ಚಿಪ್ಪಿನ ಮುಂದೆ ಇನ್ನೊಂದು ಆಂಪ್ಲಿಫೈಯರ್ ಕೂತಿರುತ್ತದೆ. ಕೋಡ್‌ನಲ್ಲಿ 22, ಹೊರಗೆ 30. ಅವು ಅರ್ಧ ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತವೆ. ಸೆಲ್ ಮೇಲೆ ಓಡುವ ಹೊಲದ ನೋಡ್‌ಗೆ ಅವು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆಂಟೆನಾ ಯಾವುದು ಇರಬೇಕು? ಕೇಬಲ್ ಎಷ್ಟು ಉದ್ದ?

ನಮ್ಮಲ್ಲಿ ಲೋರಾ ಓಡುವುದು 865 ಮೆಗಾಹರ್ಟ್ಸ್ ಸುತ್ತ. ಅದರ ಅಲೆಯ ಉದ್ದ ಸುಮಾರು 34.7 ಸೆಂಟಿಮೀಟರ್. ಕಾಲು ಅಲೆಯ ತಂತಿ ಅಂದರೆ 8.6 ಸೆಂಟಿಮೀಟರ್ ಸುತ್ತಮುತ್ತ. 868ರ ಆಂಟೆನಾ ನಡೆಯುತ್ತದೆ. 433ರದು ನಡೆಯಲ್ಲ. ನೋಡಲು ಒಂದೇ ಥರ ಇರುತ್ತವೆ, ಅಂಗಡಿಯಲ್ಲಿ ಕೇಳಿದರೂ ತಪ್ಪು ಕೊಟ್ಟುಬಿಡುತ್ತಾರೆ. ನನಗೆ ಒಮ್ಮೆ ಹತ್ತು 433 ಆಂಟೆನಾ ಬಂದಿದ್ದವು. ಎರಡು ದಿನ ಕೋಡ್‌ನಲ್ಲಿ ತಪ್ಪು ಹುಡುಕಿದ ಮೇಲೆ ತಿಳಿಯಿತು. ಎಸ್‌ಎಂಎ, ಆರ್‌ಪಿ-ಎಸ್‌ಎಂಎ ಕನೆಕ್ಟರ್‌ಗಳ ಗೊಂದಲ ಇನ್ನೊಂದು. ತಿರುಗಿಸಿದರೆ ಸರಿಯಾಗಿ ಕೂರುತ್ತವೆ, ಒಳಗೆ ನಡುವಿನ ಪಿನ್ನೇ ಇರಲ್ಲ. ಟಾರ್ಚ್ ಹಾಕಿ ನೋಡಿ.

ಕೇಬಲ್ ವಿಷಯದಲ್ಲಿ ಕೈ ಬಿಗಿ ಮಾಡಿ. ಆರ್‌ಜಿ-58 ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ ಮೀಟರ್‌ಗೆ ಸುಮಾರು ಅರ್ಧ ಡಿಬಿ ತಿನ್ನುತ್ತದೆ, ತೆಳ್ಳಗಿನ ಆರ್‌ಜಿ-174 ಸುಮಾರು ಒಂದು. ಹತ್ತು ಮೀಟರ್ ಆರ್‌ಜಿ-58 ಎಳೆದರೆ 5 ಡಿಬಿ ಹೋಯಿತು, ಮೂರರಲ್ಲಿ ಎರಡು ಪಾಲು ಶಕ್ತಿ ಕೇಬಲ್‌ನಲ್ಲೇ ಬಿಸಿಯಾಯಿತು. ಗೇಟ್‌ವೇ ಡಬ್ಬಿಯನ್ನೇ ಕಂಬದ ಮೇಲೆ ಕಟ್ಟಿ, ಕೆಳಗಿನಿಂದ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡಿ. ದುಡ್ಡು ಖರ್ಚು ಮಾಡುವುದಿದ್ದರೆ ಗೇಟ್‌ವೇ ಆಂಟೆನಾಗೆ ಮಾಡಿ. ಅದೊಂದು ಒಳ್ಳೆಯದಾದರೆ ಎಲ್ಲ ನೋಡ್‌ಗಳಿಗೂ ಲಾಭ, ಹೋಗುವ ದಾರಿಗೂ ಬರುವ ದಾರಿಗೂ.

ಆಂಟೆನಾ ಇಲ್ಲದೆ ಸುಮ್ನೆ ಒಂದು ಸಲ ಆನ್ ಮಾಡಿ ನೋಡಬಹುದಾ?

ಬೇಡ. ಹೊರಗೆ ಹೋಗಬೇಕಾದ ಶಕ್ತಿ ವಾಪಸ್ ಚಿಪ್ಪಿಗೇ ಬಡಿಯುತ್ತದೆ. ಪವರ್ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ. ಕೆಲವೊಮ್ಮೆ ಕೂಡಲೇ ಸಾಯಲ್ಲ, ಅರ್ಧ ಜೀವದಲ್ಲಿ ಉಳಿಯುತ್ತದೆ. ಅದು ಇನ್ನೂ ಕೆಟ್ಟದ್ದು. ಮೊದಲು ಆಂಟೆನಾ, ಆಮೇಲೆ ಬ್ಯಾಟರಿ.

ಕಾನೂನು ಎಷ್ಟು ಪವರ್ ಬಿಡುತ್ತದೆ?

ಭಾರತದಲ್ಲಿ 865–867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಟ್ರಾನ್ಸ್‌ಮಿಟರ್ ಶಕ್ತಿ ಗರಿಷ್ಠ 1 ವ್ಯಾಟ್, ಆಂಟೆನಾ ಸೇರಿ ಹೊರಸೂಸುವ ಶಕ್ತಿ 4 ವ್ಯಾಟ್ ಇಆರ್‌ಪಿ, ಕ್ಯಾರಿಯರ್ ಅಗಲ 200 ಕಿಲೋಹರ್ಟ್ಸ್. 2021ರಲ್ಲಿ ಈ ಪಟ್ಟಿಯನ್ನು 868ರವರೆಗೆ ಹಿಗ್ಗಿಸಿದರು. ಸಾಧನಕ್ಕೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಇಟಿಎ ಅನುಮೋದನೆ ಇರಬೇಕು, ಕೊಳ್ಳುವಾಗಲೇ ಕೇಳಿ. ಲೈಸೆನ್ಸ್ ಬೇಡ ಅಂದರೆ ನಿಯಮ ಇಲ್ಲ ಅಂತ ಅಲ್ಲ.

ಹೊರದೇಶದಿಂದ ತರಿಸಿದ ಸಾಧನ 915ರಲ್ಲಿ ಅಥವಾ ಯುರೋಪಿನ 868.1, 868.3, 868.5ರಲ್ಲಿ ಕೂತಿರಬಹುದು. ಅವು ನಮ್ಮ ಪಟ್ಟಿಯ ಹೊರಗೆ. ಪವರ್ ಎಷ್ಟೇ ಕಡಿಮೆ ಇಟ್ಟರೂ ತಪ್ಪು ತಪ್ಪೇ. ಐಎನ್865ಗೆ ಬದಲಿಸಿ. ಅದರ ಮೂಲ ಚಾನೆಲ್‌ಗಳು 865.0625, 865.4025, 865.985.

ಮೆಶ್‌ಟಾಸ್ಟಿಕ್‌ನಲ್ಲಿ ಪವರ್ 0 ಅಂತ ತೋರಿಸುತ್ತದೆ. ಸೊನ್ನೆನಾ?

ಮೆಶ್‌ಟಾಸ್ಟಿಕ್ ಅಂದರೆ ಲೋರಾ ಸಾಧನಗಳು ಗೇಟ್‌ವೇ ಇಲ್ಲದೆ ಒಂದರಿಂದ ಒಂದಕ್ಕೆ ಸಂದೇಶ ದಾಟಿಸುವ ಸಾಫ್ಟ್‌ವೇರ್. ಅಲ್ಲಿ 0 ಅಂದರೆ ಆ ದೇಶದ ನಿಯಮವೂ ಸಾಧನವೂ ಬಿಡುವಷ್ಟು ಗರಿಷ್ಠ ಅಂತ ಅರ್ಥ. ದೇಶ ಭಾರತ ಅಂತ ಆರಿಸಿದ ಮೇಲೆಯೇ ಉಳಿದದ್ದು. ಒಂದು ಮಾತು. ಅದರ ಮೂಲ ಪ್ರೀಸೆಟ್ (ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್) ಲಾಂಗ್‌ಫಾಸ್ಟ್ 250 ಕಿಲೋಹರ್ಟ್ಸ್ ಅಗಲದ್ದು. ಮೇಲೆ ಹೇಳಿದ 200ರ ಮಾತು ನೆನಪಿಟ್ಟು ನಾನು 125 ಕಿಲೋಹರ್ಟ್ಸ್‌ನ ಪ್ರೀಸೆಟ್ ಬಳಸುತ್ತೇನೆ.

ನೋಡ್ ಜಾಯಿನ್ ಆಗುತ್ತಿಲ್ಲ. ಪವರ್ ಏರಿಸಲಾ?

ಜಾಯಿನ್ ಅಂದರೆ ಲೋರಾವ್ಯಾನ್ ನೆಟ್‌ವರ್ಕಿಗೆ ಸೇರಿಸಿಕೊಳ್ಳಿ ಅಂತ ನೋಡ್ ಕೇಳುವುದು. ಸರ್ವರ್‌ನಲ್ಲಿ ಆ ಕೋರಿಕೆ ಬಂದದ್ದು ಕಾಣುತ್ತಿದೆಯಾ ಮೊದಲು ನೋಡಿ. ಬಂದಿದ್ದರೆ ನೋಡ್‌ನ ಪವರ್ ಸಾಕಾಗಿದೆ. ವಾಪಸ್ ಬರುವ ಉತ್ತರ ನೋಡ್‌ಗೆ ತಲುಪುತ್ತಿಲ್ಲ. ನೋಡ್‌ನ ಪವರ್ ಏರಿಸಿದರೆ ಅದರ ಕೂಗು ಜೋರಾಗುತ್ತದೆ, ಕಿವಿ ಚುರುಕಾಗಲ್ಲ. ಉತ್ತರ 5 ಸೆಕೆಂಡ್ ಆದ ಮೇಲೆ ಬರುತ್ತದೆ, ಆ ಹೊತ್ತಿಗೆ ನೋಡ್ ಮಲಗಿಬಿಟ್ಟಿದೆಯಾ, ಗೇಟ್‌ವೇಯ ಪವರ್ ಕಡಿಮೆ ಇದೆಯಾ, ಕೀ ತಪ್ಪಿದೆಯಾ ನೋಡಿ.

ಗೇಟ್‌ವೇ ಪಕ್ಕದಲ್ಲೇ ಇಟ್ಟು ಪರೀಕ್ಷೆ ಮಾಡಿದರೆ ವಿಚಿತ್ರವಾಗಿ ವರ್ತಿಸುತ್ತದೆ

ಕಿವಿ ಹತ್ತಿರ ಕಿರುಚಿದ ಹಾಗೆ ಅದು. ರಿಸೀವರ್ ತುಂಬಿಹೋಗಿ ಪಕ್ಕದ ಚಾನೆಲ್‌ನಲ್ಲೂ ಸುಳ್ಳು ಪ್ಯಾಕೆಟ್ ಕಾಣಿಸುತ್ತದೆ. ಮೇಜಿನ ಪರೀಕ್ಷೆಗೆ ಪವರ್ 2 ಡಿಬಿಎಂಗೆ ಇಳಿಸಿ, ಪಕ್ಕದ ಖೋಲಿಯಲ್ಲಿ ಇಡಿ.

ಬೀದರ್, ಯಾದಗಿರಿ, ಕಲಬುರಗಿ ಜಾಗಕ್ಕೆ ಬೇರೆ ಬೇರೆ ಪವರ್ ಬೇಕಾ?

ಜಾಗದ ಆಕಾರ ನೋಡಿ ಬೇಕು. ಬೀದರ್ ಊರು ಜಂಬಿಟ್ಟಿಗೆ ಕಲ್ಲಿನ ಎತ್ತರದ ದಿಣ್ಣೆಯ ಮೇಲಿದೆ. ದಿಣ್ಣೆಯ ಅಂಚಿನಲ್ಲಿ ಗೇಟ್‌ವೇ ಇಟ್ಟರೆ ಕೆಳಗಿನ ಬಯಲು ಪೂರ್ತಿ ಕಾಣುತ್ತದೆ, 14 ಡಿಬಿಎಂ ಆರಾಮಾಗಿ ಸಾಕು. ಅದೇ ಗೇಟ್‌ವೇಯನ್ನು ಅಂಚಿನಿಂದ ನಾನೂರು ಮೀಟರ್ ಒಳಗೆ ಇಟ್ಟರೆ ಅಂಚಿನ ಬುಡದ ಹೊಲ ಪೂರಾ ನೆರಳಲ್ಲಿ ಬೀಳುತ್ತದೆ, 22 ಇಟ್ಟರೂ ಕಷ್ಟ. ಎತ್ತರದ ಕಂಬ ನೆಡುವ ಮುನ್ನ ಅಲ್ಲಿ ವಾಯುಪಡೆಯ ನಿಲ್ದಾಣ ಇದೆ ಅನ್ನುವುದು ನೆನಪಿರಲಿ, ಅನುಮತಿ ಕೇಳಿಯೇ ನೆಡಿ.

ಯಾದಗಿರಿ ಕಡೆ ಬಂಡೆಗಲ್ಲಿನ ಗುಡ್ಡಗಳಿವೆ. ಗುಡ್ಡದ ಹಿಂದಿನ ಹೊಲಕ್ಕೆ ಪವರ್ ಏರಿಸಿ ಏನೂ ಸಿಗಲ್ಲ, ಇನ್ನೊಂದು ಸಣ್ಣ ಗೇಟ್‌ವೇ ಹಾಕಿ. ಸುರಪುರ, ಶಹಾಪುರದ ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ನೀರು ನಿಂತಿರುತ್ತದೆ. ಅಲ್ಲಿ ನೆಲದಿಂದ ತಿರುಗಿ ಬರುವ ಅಲೆ ಇನ್ನೂ ಬಲವಾಗಿರುತ್ತದೆ. ನೋಡನ್ನು ಅರ್ಧ ಮೀಟರ್ ಮೇಲೆ ಕೆಳಗೆ ಸರಿಸಿ ನೋಡಿ, ವ್ಯತ್ಯಾಸ ಕಾಣಬಹುದು.

ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಮನೆಗಳು ಕಲ್ಲಿನವು, ಗೋಡೆ ದಪ್ಪ. ಗೇಟ್‌ವೇ ಒಳಮನೆಯಲ್ಲಿ ಇಡಬೇಡಿ, ಮಾಳಿಗೆ ಮೇಲೆ ಇಡಿ. ಎಲ್ಲಕ್ಕಿಂತ ಜಾಸ್ತಿ ನೋಡುವ ತಪ್ಪು ಬೋರ್‌ವೆಲ್ ಹತ್ತಿರದ್ದು. ನೋಡನ್ನು ಮಳೆ ತಾಗದಿರಲಿ ಅಂತ ಸ್ಟಾರ್ಟರ್‌ನ ತಗಡಿನ ಡಬ್ಬಿಯೊಳಗೆ ಇಟ್ಟುಬಿಡುತ್ತಾರೆ. ತಗಡಿನೊಳಗೆ ಆಂಟೆನಾ ಇದ್ದರೆ ಪವರ್ ಎಷ್ಟಿದ್ದರೂ ವ್ಯರ್ಥ. ಆಂಟೆನಾ ಹೊರಗೆ ತನ್ನಿ. ಪತ್ರಾಸ್ ಶೆಡ್ಡಿನ ಒಳಗೂ ಇದೇ ಮಾತು.

ನಮ್ಮ ಬಿಸಿಲಿಗೂ ಪವರ್‌ಗೂ ಸಂಬಂಧ ಇದೆಯಾ?

ಬ್ಯಾಟರಿ ಮೂಲಕ ಇದೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42, 43 ಡಿಗ್ರಿ ಹೊಸದಲ್ಲ. ಬಿಸಿಲಲ್ಲಿ ಮುಚ್ಚಿದ ಡಬ್ಬಿಯೊಳಗೆ ಅದಕ್ಕಿಂತ ಬಹಳ ಜಾಸ್ತಿ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ಲನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಸೋಲಾರ್ ಪ್ಯಾನೆಲ್ ಸರಿಯಾಗಿ ಅದೇ ಹೊತ್ತಲ್ಲಿ ಚಾರ್ಜ್ ಮಾಡುತ್ತದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಸೆಲ್ ಸೊರಗುತ್ತದೆ, ಆಗ 120 ಮಿಲಿಆಂಪ್ ಎಳೆತ ತಾಳಲ್ಲ. ಬಿಳಿ ಡಬ್ಬಿ ಬಳಸಿ, ಪ್ಯಾನೆಲ್ ನೆರಳಲ್ಲೇ ಡಬ್ಬಿ ಕಟ್ಟಿ, ಗಾಳಿ ಆಡಲು ಜಾಗ ಬಿಡಿ. ಚಾರ್ಜ್ ಆಗದ ಲಿಥಿಯಂ ಥಯೋನಿಲ್ ಸೆಲ್ ಹಾಕಿದ್ದರೆ ಜೊತೆಗೆ ಕೆಪಾಸಿಟರ್ ಇರಲೇಬೇಕು. ಆ ಸೆಲ್ ವರ್ಷಗಟ್ಟಲೆ ಬಾಳುತ್ತದೆ, ಆದರೆ ದಿಢೀರ್ ಎಳೆತ ಅದಕ್ಕೆ ಆಗಿಬರಲ್ಲ.

ಹೊಲದಲ್ಲಿ ಮಕ್ಕಳು, ದನ ಓಡಾಡುತ್ತವೆ. ಈ ಅಲೆಯಿಂದ ಅಪಾಯ ಇದೆಯಾ?

14 ಡಿಬಿಎಂ ನೋಡ್ 25 ಮಿಲಿವ್ಯಾಟ್ ಕಳಿಸುತ್ತದೆ, ಅದೂ ಕಾಲು ಗಂಟೆಗೊಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಹಳೆಯ 2ಜಿ ಮೊಬೈಲ್ ಕಿವಿಯ ಪಕ್ಕದಲ್ಲೇ ಕ್ಷಣಕ್ಷಣಕ್ಕೆ 2 ವ್ಯಾಟ್‌ವರೆಗೆ ಹೋಗುತ್ತಿತ್ತು. ಮಕ್ಕಳು ಎಳೆದಾಡದ ಹಾಗೆ ಆಂಟೆನಾ ಎತ್ತರದಲ್ಲಿರಲಿ, ದನ ಮೈ ಉಜ್ಜದ ಹಾಗೆ ಗಳ ಗಟ್ಟಿ ಹುಗಿಯಿರಿ.

ಸಹಾಯ ಕೇಳುವಾಗ ಏನೇನು ಬರೆದು ಕಳಿಸಲಿ?

ಯಾವ ಚಿಪ್ ಅಥವಾ ಮಾಡ್ಯೂಲ್, ಕೋಡ್‌ನಲ್ಲಿ ಇಟ್ಟ ಪವರ್, ಎಸ್‌ಎಫ್, ಬ್ಯಾಂಡ್‌ವಿಡ್ತ್, ಚಾನೆಲ್. ನೋಡ್ ಎಷ್ಟು ಎತ್ತರದಲ್ಲಿದೆ, ಗೇಟ್‌ವೇ ಎಷ್ಟು ಎತ್ತರದಲ್ಲಿದೆ, ನಡುವೆ ಎಷ್ಟು ದೂರ, ಆ ನಡುವೆ ಈಗ ಯಾವ ಬೆಳೆ ನಿಂತಿದೆ. ಕೇಬಲ್ ಯಾವುದು, ಎಷ್ಟು ಮೀಟರ್. ಕೊನೆಯ ಇಪ್ಪತ್ತು ಪ್ಯಾಕೆಟ್‌ಗಳ ಆರ್‌ಎಸ್‌ಎಸ್‌ಐ, ಎಸ್‌ಎನ್‌ಆರ್. ಕಳಿಸುವ ಕ್ಷಣದಲ್ಲಿ ಬ್ಯಾಟರಿ ವೋಲ್ಟೇಜ್. ಜೊತೆಗೆ ಎರಡು ಫೋಟೊ. ಒಂದು ನೋಡ್‌ದು, ಇನ್ನೊಂದು ನೋಡ್ ಪಕ್ಕದಲ್ಲಿ ನಿಂತು ಗೇಟ್‌ವೇ ಕಡೆ ಮುಖ ಮಾಡಿ ತೆಗೆದದ್ದು. ಎರಡನೆಯ ಫೋಟೊ ನೋಡಿದ ಕೂಡಲೇ ಎಷ್ಟೋ ಸಲ ಉತ್ತರ ಸಿಕ್ಕಿಬಿಡುತ್ತದೆ.